ಹಿಟ್ಟಿನ ಜರಡಿ ಹೊತ್ತ ಕಂಪ್ಯೂಟರ್

ಇವತ್ತು ಗಂಗಾವತಿಯ ಬಜಾರಿನಲ್ಲಿ ಯಾರೋ ತಗಡು ಕತ್ತರಿಸುತ್ತಿದ್ದರು. ಆ ಕಿರ್ರೆನ್ನುವ ಸದ್ದು ನನ್ನನ್ನು ನೇರ ಅಪ್ಪನ ಅಕ್ಕಿ ಅಂಗಡಿಗೆ ಕರೆದೊಯ್ದಿತು.

ಅಲ್ಲೊಂದು ಹಳೆಯ, ಅಡ್ಡ ಮಲಗಿಸಿಡುವ ಸಪೂರ ಕಂಪ್ಯೂಟರ್ ಇತ್ತು. ಯಾವುದೋ ಆಫೀಸಿನವರು ಬೇಡವೆಂದು ಮಾರಿದ್ದು. ಅಪ್ಪನ ಲೆಕ್ಕಕ್ಕೆ ಸಾಕಾಗುತ್ತಿತ್ತು, ನಮ್ಮ ಕಾರ್ ರೇಸ್ ಆಟಕ್ಕೆ ಸಾಲುತ್ತಿರಲಿಲ್ಲ. ನಾನೂ ಅಕ್ಕನೂ ದೀಪಾವಳಿಯ ಹೊಸ ಲಂಗ ಬಿಟ್ಟುಕೊಟ್ಟು, ಬದಲಿಗೆ ಆಟದ ಚಿತ್ರ ಚುರುಕಾಗಿ ಓಡಿಸುವ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಕೊಡಿಸಿಕೊಂಡೆವು. ಲಾಭದ ವ್ಯವಹಾರವೆಂದೇ ಬೀಗಿದೆವು. ಕೂರಿಸಿ ನೋಡಿದರೆ ಕಾರ್ಡು ಎತ್ತರ, ಕಂಪ್ಯೂಟರಿನ ಡಬ್ಬಿ ಗಿಡ್ಡ. ಮುಚ್ಚಳ ಕೂರಲೇ ಇಲ್ಲ.

"ತೆರದಿಟ್ರ ತೌಡಿನ ಧೂಳಿ ಒಳಗ ಹೊಕ್ಕತೈತಿ. ನಾಳಿ ವಾಪಸ್ ಕೊಟ್ಟು ಬರ್ತೀನಿ," ಎಂದರು ಅಪ್ಪ. ಅಕ್ಕ ಅಳಲು ಶುರುಮಾಡಿದಳು.

ಅವ್ವ ಮುಚ್ಚಳ ಎತ್ತಿಕೊಂಡು ಹೋಗಿ, ಎದುರಿನ ಅಂಗಡಿಯಲ್ಲಿ ತಗಡು ಕತ್ತರಿಸಿ ಜರಡಿ ಮಾಡುತ್ತಿದ್ದ ಇಮಾಮ್ ಚಾಚಾನ ಮುಂದಿಟ್ಟಳು.

"ಅಣ್ಣಾರ, ಇದಕ್ಕೊಂದು ಕಿಡಕಿ ಕೊರದು, ಮ್ಯಾಲೆ ಹಿಟ್ಟಿನ ಜರಡಿ ಕೂಡಸ್ರಿ."

"ಏನ ತಂಗೆವ್ವ, ಕಂಪ್ಯೂಟರ್‌ನಾಗ ಹಿಟ್ಟು ಸಾಣಸ್ತೀರೇನು?"

"ಹುಡುಗ್ಯಾರು ಕಾರ್ ಓಡಸ್ತಾರಂತ್ರಿ. ಗಾಳಿ ಬರಬೇಕು, ಧೂಳಿ ಬರಬಾರ್ದು ನೋಡ್ರಿ."

ಸಂಜೆಯ ಹೊತ್ತಿಗೆ ಜರಡಿ ಕೂತು ಕಂಪ್ಯೂಟರಿಗೆ ಗೂನುಬೆನ್ನು ಬಂದಿತ್ತು, ಪರದೆಯ ಮೇಲೆ ಕಾರು ಹಾರುತ್ತಿತ್ತು. "ಅತ್ಲಾಗ ಸರೀರಿ, ಧೂಳಿ ಒಳಗ ಹೊಕ್ಕತೈತೇನು ನೋಡ್ತೀನಿ," ಎಂದು ಅಪ್ಪ ಕುರ್ಚಿ ಹಿಡಿದರು. ಊಟಕ್ಕೆ ಕರೆದರೂ ಏಳಲಿಲ್ಲ.

ಈಗ ನನ್ನದೇ ಕಂಪ್ಯೂಟರ್ ಅಂಗಡಿಯಿದೆ. ಕಾರ್ಡು ಕೇಳಿ ಬಂದವರಿಗೆ, ಮೊದಲು ಡಬ್ಬಿಯ ಎತ್ತರ ಅಳೆದುಕೊಂಡು ಬನ್ನಿ ಎನ್ನುತ್ತೇನೆ. ಎಲ್ಲರ ಮನೆಯಲ್ಲೂ ನಮ್ಮವ್ವ ಇರುವುದಿಲ್ಲವಲ್ಲ.