ರೆಕ್ಕೆ ಬಡಿದ ತರಗೆಲೆ

ಅವಳು ಮದುವೆಯಾಗಿ ಬಂದ ಮೂರನೆಯ ದಿನ ಗಂಡನ ಅಣ್ಣ, ಅವಳ ಭಾವ, ಬಿಸ್ಕತ್ತಿನ ಡಬ್ಬಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಬಿಸ್ಕತ್ತೇನೋ ಎಂದು ಅವಳು ಕೈ ಒರೆಸಿಕೊಂಡು ಹೋದರೆ, ಒಳಗೆ ಒಂದೇ ಒಂದು ತರಗೆಲೆ.

"ಮುಟ್ಟಮ್ಮ."

ಮುಟ್ಟಿದಳು. ಎಲೆ ನಡೆಯಿತು! ಅವಳು ಕಿಟಾರನೆ ಕಿರುಚಿದಳು, ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಪತಂಗ ಕಣಮ್ಮ. ಕಾಡಲ್ಲಿ ತರಗೆಲೆ ಮಧ್ಯೆ ಕೂತ್ರೆ ಹಕ್ಕಿಗೂ ಗೊತ್ತಾಗಲ್ಲ. ನಡುವೆ ನರ ನೋಡು, ಅಂಚಲ್ಲಿ ತೂತು ನೋಡು, ಎಲ್ಲಾ ಬರೀ ಬಣ್ಣ. ತಿನ್ನೋಕೆ ಬಾಯೇ ಇಲ್ಲ ಪಾಪ. ಒಂದು ವಾರ ಇದ್ದು, ಮೊಟ್ಟೆ ಇಟ್ಟು ಹೋಗ್ಬಿಡುತ್ತೆ."

ಹೆಂಡತಿ ಮಕ್ಕಳಿಲ್ಲದ ಭಾವನಿಗೆ ಮರದ ಮಿಲ್ಲಿನಲ್ಲಿ ಗರಗಸದ ಕೆಲಸ. ದಿಮ್ಮಿ ಕುಯ್ಯುವ ಮೊದಲು ತೊಗಟೆಯ ಸಂದಿಯಲ್ಲಿ ಪತಂಗದ ಗೂಡು ಹುಡುಕಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. "ಏನ್ ಹುಳದಪ್ಪ, ಮಗಳ ಬಾಣಂತನ ಯಾವಾಗ?" ಎಂದು ಜೊತೆಯವರು ಕಾಲೆಳೆದರೆ, "ಅದರ ಮನೆ ಕುಯ್ದವನು ನಾನೇ ತಾನೆ, ನಾನೇ ಸಾಕ್ಬೇಕು" ಎನ್ನುತ್ತಿದ್ದರು.

ಬರಬರುತ್ತಾ ಕಾಡು ಬರಿದಾಯಿತು, ಗೂಡು ಸಿಗದಾಯಿತು. ನಾಲ್ಕು ವರ್ಷದ ಮೇಲೆ ಒಂದು ಸಿಕ್ಕಿತು. ದಪ್ಪಗಿದೆ, ಹೆಣ್ಣೇ ಎಂದರು. "ಹಿತ್ತಲ ಮರದಲ್ಲಿ ಕೂರಿಸಿದ್ರೆ ಸಾಕು. ಗಂಡು ಎಲ್ಲಿದ್ರೂ ವಾಸನೆ ಹಿಡ್ಕೊಂಡು ಬರುತ್ತೆ."

"ನಿಮ್ಮ ತಮ್ಮ ಪಕ್ಕದ ಕೋಣೆಯಿಂದ ಕೂಗಿದ್ರೂ ಬರಲ್ಲವಲ್ಲ ಭಾವ!"

ಗೂಡಿನ ಡಬ್ಬಿ ಮುಚ್ಚಳ ತೆರೆದು ಭಾವನ ಕೋಣೆಯಲ್ಲಿತ್ತು. ಗೂಡು ಒಡೆದಿದೆಯೇ ಎಂದು ಇಣುಕಿ ನೋಡಿಯೇ ಅಲ್ಲಿ ಕಸ ಹೊಡೆಯಬೇಕೆಂದು ಅವರು ಹೇಳಿಟ್ಟಿದ್ದರು. ದಿನಾ ನೋಡುತ್ತಿದ್ದಳು. ಅದೊಂದು ಬೆಳಗ್ಗೆ ಒಲೆಯ ಮೇಲೆ ಹಾಲು ಉಕ್ಕುವುದರಲ್ಲಿತ್ತು, ನೋಡಲಿಲ್ಲ. ತೆರೆದ ಕಿಟಕಿಯಿಂದ ಬಂದು ಬಿದ್ದ ತರಗೆಲೆಗಳನ್ನು ಬಾಚಿ ನೀರೊಲೆಗೆ ಸುರಿದಳು. ಒಂದು ಎಲೆ ರೆಕ್ಕೆ ಬಡಿಯಿತು. ಕೈ ಹಾಕುವಷ್ಟರಲ್ಲಿ ಮುಗಿದಿತ್ತು.

ಸಂಜೆ ಮಿಲ್ಲಿನಿಂದ ಬಂದ ಭಾವ ಒಡೆದ ಗೂಡು ನೋಡಿ ಕುಣಿದರು. ಆಮೇಲೆ ಮಂಚದಡಿ, ಗೋಡೆ, ಅಂಗಿಯ ಮಡಿಕೆ ಎಲ್ಲ ಹುಡುಕಿದರು. ಕೊನೆಗೆ ಹಣೆ ಚಚ್ಚಿಕೊಂಡರು. "ಕಿಟಕಿ ಹಾಕೋದು ಮರೆತ್ನಲ್ಲ, ನಂದೇ ತಪ್ಪು."

ಬಟ್ಟಲು ತೊಳೆಯುತ್ತಿದ್ದವಳು ತೊಳೆದದ್ದನ್ನೇ ಮತ್ತೆ ತೊಳೆದಳು.

ಹನ್ನೊಂದು ವರ್ಷ ಭಾವ ಹಿತ್ತಲ ಮರದಡಿ ನಿಂತು ಎಲೆ ಮಗುಚಿ ನೋಡುವುದನ್ನು ಅವಳು ಅಡುಗೆಮನೆಯಿಂದ ನೋಡಿದಳು. ಮರದ ಪುಡಿ ಎದೆ ತುಂಬಿ ಅವರು ಹಾಸಿಗೆ ಹಿಡಿದಾಗ, ಇನ್ನು ತಡೆಯಲಾರದೆ, "ಭಾವ, ಅವತ್ತು ಆ ಪತಂಗ..." ಎಂದಳು.

ಭಾವ ಅವಳ ಕೈ ಹಿಡಿದುಕೊಂಡರು.

"ಹಾರಿಹೋಗಿದ್ದೇ ಒಳ್ಳೇದಾಯ್ತು ಕಣಮ್ಮ. ಅದರ ಮರಿಮಕ್ಕಳು ಆ ಮರದಲ್ಲೇ ಎಲ್ಲೋ ಇರ್ತವೆ, ನಮ್ ಕಣ್ಣಿಗೆ ಕಾಣಲ್ಲ ಅಷ್ಟೆ. ನಾನು ಹೋದ್ಮೇಲೆ ಅದನ್ನ ಯಾರಿಗೂ ಕಡಿಯೋಕೆ ಬಿಡ್ಬೇಡ, ಆಯ್ತಾ?"