ಫೈಬರ್ ಕಂಬಿಯ ಸೇತುವೆ

ನಮ್ಮೂರಿನಿಂದ ಹಡಗಲಿಯ ಹೂವಿನ ಮಾರುಕಟ್ಟೆಗೆ ಹೋಗುವ ಬಸ್ಸು ಹಳ್ಳದ ಸೇತುವೆ ದಾಟಬೇಕು. ಅದರೊಳಗಿನ ಕಬ್ಬಿಣವನ್ನು ಸವಳು ನೀರು ಒಳಗೊಳಗೇ ತಿಂದುಹಾಕಿತ್ತು. ಒಂದು ದಿನ ಕಾಂಕ್ರೀಟಿನ ದೊಡ್ಡ ಚಕ್ಕೆಯೇ ಕಳಚಿ ಬಿತ್ತು. ಬಸ್ಸು ಆಚೆ ದಡದಲ್ಲೇ ನಿಲ್ಲತೊಡಗಿತು. ನನ್ನ ಹೆಂಡತಿ ಮಲ್ಲಿಗೆ ಬುಟ್ಟಿ ಹೊತ್ತು ಹಳ್ಳಕ್ಕಿಳಿದು ಹತ್ತುವಷ್ಟರಲ್ಲಿ ಅದು ಹೊರಟುಹೋಗಿರುತ್ತಿತ್ತು. ಮುಂದಿನ ಬಸ್ಸಿಗೆ ಹೋದರೆ ಮೊಗ್ಗು ಅರಳಿಬಿಡುತ್ತದೆ, ಅರಳಿದ್ದನ್ನು ಕೊಳ್ಳುವವರಿಲ್ಲ. ಹೀಗಾಗಿ ಹೊಸ ಸೇತುವೆಯ ಕೆಲಸ ಶುರುವಾದಾಗ ಅದರ ಮೇಲ್ವಿಚಾರಣೆಯನ್ನು, ಯಾರೂ ಕೇಳದಿದ್ದರೂ, ನಾನೇ ವಹಿಸಿಕೊಂಡೆ.

ಕಂಬಿ ಬಂದ ದಿನವೇ ಸಂಶಯ ಹತ್ತಿತು. ಕೂಲಿಯವನೊಬ್ಬ ಇಡೀ ಕಟ್ಟನ್ನು ಹೆಗಲ ಮೇಲಿಟ್ಟು ಸಿಳ್ಳೆ ಹಾಕುತ್ತ ಬಂದ. ಕಬ್ಬಿಣ ಹೊತ್ತವನು ಸಿಳ್ಳೆ ಹಾಕಿದ್ದನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಮನೆಯಿಂದ ಅಯಸ್ಕಾಂತ ತಂದು ಶಾಸ್ತ್ರೋಕ್ತವಾಗಿ ಮುಟ್ಟಿಸಿದೆ. ಅಂಟಲಿಲ್ಲ.

"ಪ್ಲಾಸ್ಟಿಕ್ ಐತಲ್ರಿ ಇದು!" ಎಂದೆ ಎಂಜಿನಿಯರಿಗೆ.

"ಫೈಬರ್ ಕಂಬಿ ರೀ ಅಜ್ಜಾರ. ಗಾಜಿನ ಎಳಿ ಅಂಟಿನಾಗ ಅದ್ದಿ ಮಾಡಿದ್ದು. ತುಕ್ಕು ಹಿಡಿಯಂಗಿಲ್ಲ."

"ಅಂದ್ರ ಬಸ್ಸು ಗಾಜಿನ ಮ್ಯಾಲ ಹೋಗಬೇಕೇನು?"

"ಎಳದ್ರ ಕಬ್ಬಿಣಕ್ಕಿಂತ ಗಟ್ಟಿ ಐತಿ ರೀ."

"ಬ್ರಿಜ್ಜನ್ನ ಎಳಿಯೋರು ಯಾರು ಸಾಹೇಬ್ರ?"

ಎಂಜಿನಿಯರಿಗೆ ಅಷ್ಟರಲ್ಲಿ ಫೋನು ಬಂತು. ಬಂದಿತ್ತೋ ಇಲ್ಲವೋ, ಕಿವಿಗಂತೂ ಹಿಡಿದುಕೊಂಡರು.

ಕಂಬಿ ಕಟ್ಟುವ ಮೇಸ್ತ್ರಿ ಹಲಗೆಯ ಮೇಲಿಟ್ಟು ಬಾಗಿಸಲು ನೋಡಿದ. ಬಾಗಿದಷ್ಟು ಬಾಗಿ ಮತ್ತೆ ನೆಟ್ಟಗಾಯಿತು. "ಬಾಗಿದ್ದು ಬೇಕಂದ್ರ ಕಾರ್ಖಾನ್ಯಾಗ ಮಾಡಿಸೇ ತರಬೇಕಂತ್ರಿ" ಎಂದು ಕೈಚೆಲ್ಲಿದ. ನನ್ನ ಸಂಶಯ ಇನ್ನೊಂದು ಗೇಣು ಬೆಳೆಯಿತು.

ಕೊನೆಗೆ ಉಪ್ಪಿನಕಾಯಿ ಭರಣಿಯಲ್ಲಿ ಹಳ್ಳದ ನೀರಿಗೆ ಇನ್ನಷ್ಟು ಉಪ್ಪು ಕದಡಿ, ಒಂದು ತುಂಡು ಕಬ್ಬಿಣ, ಒಂದು ತುಂಡು ಫೈಬರ್ ಕಂಬಿ ಮುಳುಗಿಸಿಟ್ಟೆ. ಕೆಲಸ ಮುಗಿಯುವ ಹೊತ್ತಿಗೆ ಕಬ್ಬಿಣ ತುಕ್ಕು ಹಿಡಿದು ಕೆಂಪಗೆ ಹೊಪ್ಪಳೆ ಎದ್ದಿತ್ತು. ಇನ್ನೊಂದು ಹಾಕಿದಂತೆಯೇ ಇತ್ತು. ನ್ಯಾಯಾಧೀಶನ ಗತ್ತಿನಲ್ಲಿ ಹೆಂಡತಿಗೆ ತೋರಿಸಿದೆ.

"ಬಚ್ಚಲದಾಗಿನ ಪ್ಲಾಸ್ಟಿಕ್ ಚೊಂಬಿಗೂ ತುಕ್ಕು ಹಿಡಿದಿಲ್ಲ. ಅದರ ಮ್ಯಾಲ ಬಸ್ ಓಡಿಸ್ತೀರೇನು?" ಎಂದಳು.

ನಾನು ಭರಣಿಯ ಮುಚ್ಚಳ ಬಿಗಿದು ಅಟ್ಟಕ್ಕೇರಿಸಿದೆ.

ಬಸ್ಸು ಮತ್ತೆ ಊರೊಳಗೆ ಬಂದ ಮೊದಲ ದಿನ ನಾನೂ ಹತ್ತಿದೆ. ಸೇತುವೆಯ ಬಾಯಿಗೆ ಬರುತ್ತಲೇ ಹೂವಿನ ಹೆಂಗಸರೆಲ್ಲ ಬಸ್ಸಿನ ತಗಡು ಬಡಿದು "ನಿಲ್ಸಪ್ಪಾ! ನಾವು ನಡಕೊಂಡ ದಾಟ್ತೀವಿ" ಎಂದರು. ಬುಟ್ಟಿ ಸಮೇತ ಇಳಿದರು. ನಾನೂ ಎದ್ದೆ. ಹೆಂಡತಿ ಹೆಗಲು ಅದುಮಿ ಕೂರಿಸಿದಳು.

"ನೀವು ಕುಂದರ್ರಿ. ಪರೀಕ್ಷಾ ಮಾಡಿದೋರು ನೀವಲ್ಲ? ಹೂವು ನನ್ನ ತಲಿ ಮ್ಯಾಲ ಇರ್ಲಿ."

"ಅಜ್ಜಾರನ್ನ ಬಿಟ್ಟು ಹೂವು ಒಯ್ತೀಯೇನವ್ವಾ?" ಎಂದು ಡ್ರೈವರು ನಕ್ಕ.

"ಇವರು ಬಾಡಂಗಿಲ್ಲ ಬಿಡಪ್ಪಾ" ಎಂದು ಆಕೆ ನಡೆದೇಬಿಟ್ಟಳು.

ಬಸ್ಸು ನಿಧಾನ ಹೊರಟಿತು. ನಾನು ಎರಡೂ ಕಾಲು ಮೇಲೆತ್ತಿಕೊಂಡು ಕೂತಿದ್ದೆ, ಅದರಿಂದ ಸೇತುವೆಗೆ ಭಾರ ತಗ್ಗುತ್ತದೆಂಬಂತೆ. ಏನೂ ಆಗಲಿಲ್ಲ. ಇವತ್ತಿಗೂ ಹೆಂಗಸರು ಇಳಿದೇ ದಾಟುತ್ತಾರೆ, ಡ್ರೈವರು ಆಚೆ ದಡದಲ್ಲಿ ಕಾಯುತ್ತಾನೆ. ಹೂವು ಮೊಗ್ಗಾಗಿಯೇ ಹಡಗಲಿ ಮುಟ್ಟುತ್ತದೆ.