ಮಾಷ್ಟ್ರಿಗೆ ಅಂಟಿದ ಬಾಲ

ಪ್ಲಾಸ್ಟಿಕ್ ಕವರಿನಿಂದ ಆಗಷ್ಟೇ ತೆಗೆದ ಸನ್ಮಾನದ ಶಾಲಿಗೆ ಒಂದು ವಾಸನೆ ಇರುತ್ತದೆ. ನನಗದು ಆಗುವುದಿಲ್ಲ. ಮೊನ್ನೆ ಉಡುಪಿಯ ಸಭೆಯಲ್ಲಿ ಅಂಥದೊಂದು ಶಾಲು ನನ್ನ ಹೆಗಲಿಗೇರಿದ್ದೇ, ಕಾಪುವಿನ ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದ ಮಾಷ್ಟ್ರು ನೆನಪಾದರು...

ಎಷ್ಟೋ ವರ್ಷಗಳ ಹಿಂದಿನ ಮಾತು, ಆಗ ನಾನು ಮಣಿಪಾಲದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಮಂಗಳ ಮತ್ತು ಗುರು ಗ್ರಹಗಳ ನಡುವೆ ಕಲ್ಲುಬಂಡೆಗಳದೇ ಒಂದು ಪಟ್ಟಿ ಸೂರ್ಯನನ್ನು ಸುತ್ತುತ್ತಿರುತ್ತದೆ. ಅದರಲ್ಲಿ ಕೆಲವಕ್ಕೆ ಒಳಗೆ ಮಂಜುಗಡ್ಡೆ ಉಳಿದಿರುತ್ತದೆ. ಬಿಸಿಲು ತಾಗಿದಾಗ ಅವು ಧೂಮಕೇತುವಿನ ಹಾಗೆ ಬಾಲ ಬಿಡುತ್ತವೆ. ಬಹಳ ಅಪರೂಪ. ಬೆಟ್ಟದ ಮೇಲಿನ ದೊಡ್ಡ ದೂರದರ್ಶಕ ತೆಗೆದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಜೋಡಿಸಿ ಅಂಥದನ್ನು ಹುಡುಕುವುದು ನನ್ನ ಕೆಲಸ. ಒಂದು ದಿನ ಬಾಲ ಕಂಡೇಬಿಟ್ಟಿತು! ನನ್ನ ಗೈಡಿಗೂ ತೋರಿಸದೆ ಮಾಷ್ಟ್ರಿಗೆ ಫೋನ್ ಮಾಡಿದೆ.

"ಯಾರಿಗಾದರೂ ಹೇಳಬಹುದಾ?" ಎಂದರು.

"ಎಲ್ಲರಿಗೂ ಹೇಳಿ ಸರ್" ಎಂದೆ.

ಹೇಳಿದರು. ಪೇಪರಿನಲ್ಲಿ ಬಂತು, ಪೇಟೆಯಲ್ಲಿ ನನ್ನ ಫೋಟೋದ ಫ್ಲೆಕ್ಸ್ ಎದ್ದಿತು, ಸನ್ಮಾನವೂ ನಿಗದಿಯಾಯಿತು. ಆ ದಿನ ಬೆಳಿಗ್ಗೆ ಚಿತ್ರಗಳನ್ನು ಮತ್ತೆ ನೋಡಿದವಳಿಗೆ ನನ್ನ ತಪ್ಪು ಕಂಡಿತು. ಓಡುವ ಕಲ್ಲನ್ನು ಗುರುತಿಟ್ಟುಕೊಂಡು ಚಿತ್ರ ಜೋಡಿಸಬೇಕಿತ್ತು. ನಾನು ಹಿಂದಿನ ನಕ್ಷತ್ರಗಳನ್ನು ಗುರುತಿಟ್ಟುಕೊಂಡಿದ್ದೆ. ಒಂದೊಂದು ಚಿತ್ರದಲ್ಲೂ ಚೂರು ಚೂರೇ ಸರಿದ ಕಲ್ಲು ಉದ್ದಕ್ಕೆ ಎಳೆದಂತಾಗಿ ಬಾಲದ ಹಾಗೆ ಕಂಡಿತ್ತು. ಬಾಲವಲ್ಲ, ಬರೇ ಗೀಟು!

ವೇದಿಕೆಯ ಹಿಂದೆ ಮಾಷ್ಟ್ರಿಗೆ ವಿಷಯ ತಿಳಿಸಿದೆ. "ಮೈಕಿನಲ್ಲಿ ನೀನೇ ಹೇಳಿಬಿಡು. ಹೇಳಿದರೆ ಮುಗಿಯಿತು, ಮತ್ತೆ ಎಂತ ಇಲ್ಲ" ಎಂದರು. ಶಾಲು ಹೊದ್ದು ಮೈಕಿನ ಮುಂದೆ ನಿಂತೆ. ಮೊದಲ ಸಾಲಿನಲ್ಲಿ ಅಪ್ಪ, ಅಮ್ಮ... ನಾಲಿಗೆ ಹೊರಳಲಿಲ್ಲ. ಕಡೆಗೆ ಮಾಷ್ಟ್ರೇ ಬಂದು ಮೈಕ್ ತೆಗೆದುಕೊಂಡರು. "ಬಾಲ ಇಲ್ಲವಂತೆ. ತಪ್ಪು ನನ್ನದು. ಹುಡುಗಿ ಇನ್ನೂ ಪರೀಕ್ಷೆ ಮಾಡ್ತಾ ಇದ್ದಳು, ನಾನೇ ಅವಸರಪಟ್ಟು ಉಂಟು ಅಂತ ಸಾರಿದೆ" ಎಂದರು. ನಾನು ಹೌದೆಂದು ತಲೆಯಾಡಿಸಿದೆ. ಥೂ, ತಲೆಯಾಡಿಸಿದೆ!

ಅಂದಿನಿಂದ ಊರಿಗೆ ಅವರು ಬಾಲದ ಮಾಷ್ಟ್ರು. ಕಾರ್ಕಳದ ಮಗಳ ಮನೆಗೆ ಹೊರಟು ಬಸ್ಸಿಗೆ ಕಾದು ನಿಂತರೂ "ಎಂತ ಮಾಷ್ಟ್ರೇ, ಬಾಲ ಸಿಕ್ಕಿತಾ?" ಎಂದು ಕೇಳುವವರೇ. ಅವರು ನಗುತ್ತಿದ್ದರು. ಪಕ್ಕದಲ್ಲಿ ನಿಂತು ಒಮ್ಮೆ ನಾನೂ ನಕ್ಕಿದ್ದೇನೆ... ಶಾಲೆಗಳಿಗೆ ಹೋಗಿ ಮಕ್ಕಳಿಗೆ ಆಕಾಶ ತೋರಿಸುವುದನ್ನು ಅವರು ಬಿಟ್ಟೇಬಿಟ್ಟರು. ಕರೆದರೆ ಮೊಣಕಾಲು ನೋವು ಎನ್ನುತ್ತಿದ್ದರು. ಹೋದ ವರ್ಷ ತೀರಿಕೊಂಡರು.

ಮೊನ್ನೆಯ ಶಾಲು ನಿಜವಾದ ಬಾಲಕ್ಕೆ ಸಂದದ್ದು. ಆ ಪಟ್ಟಿಯೊಳಗಿನ ಧೂಮಕೇತುವೊಂದನ್ನು ನಮ್ಮ ತಂಡ ತಿಂಗಳುಗಟ್ಟಲೆ ದೂರದರ್ಶಕದಲ್ಲಿ ಹಿಂಬಾಲಿಸಿತ್ತು. ಸಭೆ ಮುಗಿದ ಮೇಲೆ ಕಾಪುವಿನ ಹಿರಿಯರೊಬ್ಬರು ಹತ್ತಿರ ಬಂದರು.

"ನಮ್ಮ ಬಾಲದ ಮಾಷ್ಟ್ರ ಶಿಷ್ಯೆ ಅಲ್ವಾ ನೀವು? ಪಾಪ, ಅವರು ಗಡಿಬಿಡಿ ಮಾಡಿದರು. ನೀವು ಸರಿಯಾಗಿ ಹಿಡಿದಿರಿ."

"ಆ ಗಡಿಬಿಡಿ ನನ್ನದು. ನನ್ನ ಮರ್ಯಾದೆ ಉಳಿಸಲಿಕ್ಕೆ ಅವರು ಹಾಗೆ ಹೇಳಿದ್ದು" ಎಂದೆ. ಇಷ್ಟು ವರ್ಷಗಳ ಮೇಲೆ, ಕಡೆಗೂ ಬಾಯಿ ಬಿಟ್ಟೆ.

ಅವರು ನನ್ನ ಕೈ ಹಿಡಿದುಕೊಂಡು ಸುತ್ತಲಿದ್ದವರತ್ತ ತಿರುಗಿದರು. "ನೋಡಿ, ಎಷ್ಟು ದೊಡ್ಡ ಮನಸ್ಸು! ಗುರುಗಳ ತಪ್ಪನ್ನೂ ತನ್ನ ತಲೆಗೆ ಹಾಕಿಕೊಳ್ತಾರೆ."

ಜನ ಚಪ್ಪಾಳೆ ತಟ್ಟಿದರು. "ಅಲ್ಲ ಮಾರಾಯ್ರೇ, ನಿಜವಾಗಿಯೂ ನನ್ನದೇ" ಎಂದೆ. ಚಪ್ಪಾಳೆ ಇನ್ನೂ ಜೋರಾಯಿತು. ನಿಜ ಗೊತ್ತಿದ್ದ ಇನ್ನೊಬ್ಬರೆಂದರೆ ಮಾಷ್ಟ್ರು ಮಾತ್ರ. ಅವರಿಲ್ಲ.